ಮೊರಿತಾ ಸಾನ್ ಅವರನ್ನು ದತ್ತು ಪಡೆದ ಊರು

ತ್ಸುಕುಬಾ, ಜಪಾನ್, ನವೆಂಬರ್ 14

ಇಡೀ ದಿನ ಒಂದೇ ಪದ ಕಾಡಿತು: ನಂಬಿಕೆ.

ಮಾನವಶಾಸ್ತ್ರದ ಪ್ರೊಫೆಸರ್ ಮೊರಿತಾ ಸಾನ್ ಅವರ ಪುಸ್ತಕದ ಇಂಗ್ಲಿಷ್ ತಿದ್ದುತ್ತಿದ್ದೇನೆ. ವರ್ಷಗಳ ಹಿಂದೆ ಅಧ್ಯಯನಕ್ಕೆಂದು ಪೆಸಿಫಿಕ್ ದ್ವೀಪದೇಶ ವನುವಾಟುವಿಗೆ ಹೋದಾಗ ಅಲ್ಲಿನ ಒಂದು ಹಳ್ಳಿಯವರು ತಮ್ಮ ಮೇಲೆ ನಂಬಿಕೆಯಿಟ್ಟು, ತಮ್ಮನ್ನು ಮಗನಾಗಿ ದತ್ತು ಪಡೆದರೆಂದು ಬರೆದಿದ್ದಾರೆ. ಆ ಹಳ್ಳಿಯ ಟಾರಿ ಇಲ್ಲೇ ಓದುತ್ತಿದ್ದಾನೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನಿಗೆ ಆ ಸಾಲು ತೋರಿಸಿದೆ. ಬಿದ್ದು ಬಿದ್ದು ನಕ್ಕ.

“ನಂಬಿಕೆ ಅಲ್ಲ, ಪಾಪ ಅನ್ನಿಸ್ತು. ತಾಯೀನ ಬಿಟ್ಟು ಒಬ್ಬನೇ ಇಷ್ಟು ದೂರ ಬಂದಿದಾನೆ ಅಂದ್ರೆ ಮನೆಯವರು ಓಡಿಸಿರಬೇಕು ಅಂದ್ಕೊಂಡ್ರು. ಅದಕ್ಕೇ ನಮ್ಮಜ್ಜಿ ಮಗನೇ ಅಂತ ಕರೆದದ್ದು. ಅವರಿಗೆ ಹೇಳ್ಬೇಡ, ನೊಂದ್ಕೋತಾರೆ.”

ಬೆಳಿಗ್ಗೆ ಪುಸ್ತಕ ಅಚ್ಚಿಗೆ ಹೋಗುತ್ತದೆ. ಇಷ್ಟು ವರ್ಷ ಅವರು ನಂಬಿಕೊಂಡು ಬಂದ ಮಾತು ಸುಳ್ಳೆಂದು ಹೇಳುವ ಧೈರ್ಯ ನನಗೆಲ್ಲಿದೆ? ರೂಮಿನ ಸಿಂಧೂರಾ ಬೈದಳು: “ನಿಂದೇನ್ ಗಂಟು ಹೋಗತ್ತೆ? ಸ್ಪೆಲಿಂಗ್ ನೋಡು, ಕಳಿಸು, ಮಲ್ಕೋ ಕಣೇ.”

ಪದವನ್ನು ಹಾಗೇ ಬಿಟ್ಟು ಕಳಿಸಿದೆ. ಕಣ್ಣು ಉರಿಯುತ್ತಿದೆ, ನಿದ್ದೆಯಿಲ್ಲ.

ಮಧ್ಯಾಹ್ನ ಕ್ಯಾಂಟೀನಿನಿಂದ ಹೊರಡುವಾಗ ಟಾರಿ ತನ್ನ ಕಿತ್ತಳೆಯನ್ನು ನನ್ನ ಕಡೆ ತಳ್ಳಿ, “ನೀನ್ಯಾಕೆ ಇಷ್ಟು ದೂರ ಬಂದೆ?” ಎಂದು ಕೇಳಿದ.

ಕಲಿಯೋಕೆ, ಎಂದೆ.

“ಮೊರಿತಾ ಸಾನೂ ನಮ್ಮಜ್ಜಿಗೆ ಹಾಗೇ ಹೇಳಿದ್ರಂತೆ,” ಎಂದು ಇನ್ನೊಂದು ಹಣ್ಣನ್ನೂ ಕೊಟ್ಟ.