ಮುದುಕಿ ಸೋರುತ್ತಾಳೆ

ಫೆಬ್ರವರಿ 9, ಬೆಳಿಗ್ಗೆ

ಇವತ್ತೂ ಇತ್ತು. ಹಾಲು ತರಲು ಹೋಗುವ ಮೊದಲೇ ಬಗ್ಗಿ ನೋಡಿದೆ. ಕಾರಿನ ಕೆಳಗೆ ಹಸಿರು ನೀರು, ತಟ್ಟೆಯಗಲ. ನಿನ್ನೆ ಬಟ್ಟಲಷ್ಟೇ ಇತ್ತು. ಇವರ ಕಣ್ಣಿಗೆ ಬೀಳದಿರಲಿ ಎಂದು ಹಳೇ ಬಟ್ಟೆಯಿಂದ ಒರೆಸಿದೆ.

ಮನೆಯಲ್ಲಿ ಈ ಕಾರಿಗೆ ಮುದುಕಿ ಎಂದೇ ಹೆಸರು. ಇವರಿಟ್ಟದ್ದು. ಮೊದಲ ಸಲ ಕೇಳಿದಾಗ ನನ್ನನ್ನೇ ಅಂದರೆಂದು ಮುಖ ಊದಿಸಿಕೊಂಡಿದ್ದೆ.

ನವೆಂಬರಿನಲ್ಲಿ ಇವರಿಗೆ ಸ್ಟ್ರೋಕ್ ಆದಾಗ ಆಂಬುಲೆನ್ಸಿನವರು "ದಾರೀಲಿದೀವಿ, ದಾರೀಲಿದೀವಿ" ಎನ್ನುತ್ತಲೇ ಇದ್ದರು. ಆಸ್ಪತ್ರೆ ಮುಟ್ಟಿಸಿದ್ದು ಮುದುಕಿ. ಓಡಿಸಿದ್ದು ನಾನು — ಹೇಗೆ ಓಡಿಸಿದೆನೋ ಈಗಲೂ ಗೊತ್ತಿಲ್ಲ. ಬಲಗೈ ಬಲಗಾಲು ಹೋದವು, ಮಾತು ಒಂದೆರಡು ಪದಕ್ಕಿಳಿಯಿತು, ಜೀವ ಉಳಿಯಿತು. ಡಾಕ್ಟರು ಬಿಡುಗಡೆ ಮಾಡುವಾಗ ಅಂದರು, "ಇನ್ನೊಂದ್ಸಲ ಆದ್ರೆ ಯಾರಿಗೂ ಕಾಯಬೇಡಿ. ಎತ್ತಾಕ್ಕೊಂಡು ಬಂದುಬಿಡಿ."

ಇನ್ನೊಂದ್ಸಲ. ಆ ಮಾತು ತಲೆ ಬಿಟ್ಟು ಹೋಗುತ್ತಿಲ್ಲ. ಮುದುಕಿ ಕೆಟ್ಟು ನಿಂತ ದಿನವೇ ಅದು ಬಂದರೆ?

ಇವರು ಬೆಳಗಿನ ಟೀ ದೂರ ತಳ್ಳಿದರು. "ತಣ್ಣಗಿದೆ." ಮತ್ತೆ ಕುದಿಸಿ ಕೊಟ್ಟೆ. ಅದನ್ನೂ ತಳ್ಳಿದರು. ಹಟ ಮಾತ್ರ ಕಾಯಿಲೆಯಲ್ಲೂ ಕಮ್ಮಿಯಾಗಿಲ್ಲ.

ಫೆಬ್ರವರಿ 10

ಗ್ಯಾರೇಜಿನವನು ಬಂದು ಬಾನೆಟ್ ಎತ್ತಿ ನೋಡಿದ.

"ರೇಡಿಯೇಟರ್ ಹೋಸ್ ಬಿರುಕು ಬಿಟ್ಟಿದೆ ಅಮ್ಮ. ಮೇಲಿನ ರಬ್ಬರ್ ಪೈಪು, ತುದೀಲಿ. ಆ ಕಾಲದ ಗಾಡೀಗೆ ಈಗ ಎಲ್ಲಿ ಸಿಗುತ್ತೆ? ತರಿಸಬೇಕು."

"ಯಾವಾಗ ಬರುತ್ತಪ್ಪ?"

"ಬರುತ್ತೆ."

ಬರುತ್ತೆ! ಮಳೆ ಬರುತ್ತೆ ಅಂದ ಹಾಗೆ.

"ಅಲ್ಲೀತನಕ ಓಡಿಸಬೇಡಿ. ನೀರು ಖಾಲಿಯಾಗಿ ಇಂಜಿನ್ನೇ ಹೋಗುತ್ತೆ."

ಮಗಳು ಫೋನಿನಲ್ಲಿ, "ಟ್ಯಾಕ್ಸಿ ಕರೆದ್ರಾಯ್ತಮ್ಮ, ಅದಕ್ಕೂ ಹೆದರ್ತೀಯಾ?" ಎಂದಳು. ಅವಳಿಗೇನು. ಅವತ್ತು ಬಾಯಿ ಸೊಟ್ಟಗಾಗಿದ್ದನ್ನು ನೋಡಿದವಳು ನಾನು.

ಹೊಲಿಗೆ ಯಂತ್ರದ ಮುಂದೆ ಕೂತರೂ ಕಿವಿ ಒಳಕೋಣೆಯಲ್ಲೇ. ಒಂದು ಪ್ಯಾಂಟಿನ ಎರಡು ಕಾಲನ್ನೂ ಸೇರಿಸಿ ಹೊಲಿದುಬಿಟ್ಟೆ.

ಫೆಬ್ರವರಿ 12

ಮುದುಕಿ ಸೋರುವುದು ಇವರಿಗೆ ಗೊತ್ತಾಗಿಹೋಗಿದೆ. ಗಾಲಿಕುರ್ಚಿಯಲ್ಲೇ ಬಾಗಿಲಿಗೆ ಬಂದು ನನ್ನ ಕತ್ತರಿ ತೋರಿಸಿದರು, ಆಮೇಲೆ ಕಾರು. ಎಡಗೈಯಲ್ಲಿ ಗಾಳಿಯನ್ನೇ ಕತ್ತರಿಸಿ ತೋರಿಸಿದರು. ಅರ್ಥವಾಯಿತು. ಹೋಸ್ ಉದ್ದ ಇದೆ, ಬಿರುಕು ಇರುವುದು ತುದಿಯಲ್ಲಿ. ಅಷ್ಟು ಕತ್ತರಿಸಿ ಮತ್ತೆ ಸಿಕ್ಕಿಸಬಹುದು.

ಕತ್ತರಿಸುವುದು ನನಗೇನು ಹೊಸದೇ. ನಾಳೆ ನೋಡೋಣ.

ಫೆಬ್ರವರಿ 17

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದಂತಿದೆ. ಬಲಗೈಗೆ ಬ್ಯಾಂಡೇಜು.

ಹದಿಮೂರರಂದು, ಬಿರುಕು ಎಷ್ಟುದ್ದ ಇದೆಯೆಂದು ತಿಳಿಯಲು ಇಂಜಿನ್ ಹಾಕಿ ನೋಡಿ ಆರಿಸಿದ್ದೆ. ಇವರು ಕುರ್ಚಿಯಲ್ಲಿ ಪಕ್ಕದಲ್ಲೇ ಇದ್ದರು. ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಇವರು ಕಿರುಚಿದರು, "ತಣ್ಣಗಿದೆ! ತಣ್ಣಗಿದೆ! ತೆಗಿ, ತೆಗಿ!" ಮೊದಲಿಂದಲೂ ಅವಸರದ ಮನುಷ್ಯ. "ತೆಗೀತೀನಿ, ತಾಳ್ರೀ" ಎಂದು ತಿರುಗಿಸಿದೆ.

ಬುಸ್ಸೆಂದು ಬಂತು. ಕುದಿನೀರು, ಹಬೆ. ಮುಖ ತಿರುಗಿಸಿಕೊಂಡಿದ್ದರಿಂದ ಕಣ್ಣು ಉಳಿಯಿತು.

ಇವರು ತಲೆ ಚಚ್ಚಿಕೊಂಡು ಅತ್ತರು. ನಾನು ನಲ್ಲಿಯ ಕೆಳಗೆ ಕೈ ಹಿಡಿದು ಬೈದೆ, ಬಾಯಿಗೆ ಬಂದಂತೆ ಬೈದೆ. ಬೈಯುತ್ತಿರುವಾಗಲೇ ಆ ಟೀ ನೆನಪಾಯಿತು. ತಣ್ಣಗಿದೆ ಎಂದದ್ದು, ನಾನು ಕುದಿಸಿ ಕುದಿಸಿ ಕೊಟ್ಟದ್ದು... ಅಯ್ಯೋ, ನಾಲಿಗೆ ಸುಡುತ್ತದೆ ಎನ್ನುತ್ತಿದ್ದರು ಪಾಪ!

ಇವರಿಗೆ ಪದ ಬರುತ್ತದೆ, ಆದರೆ ಉಲ್ಟಾ ಬರುತ್ತದೆ. ಬಿಸಿ ಎನ್ನಲು ಹೋದರೆ ತಣ್ಣಗೆ. ಬೇಡ ಎನ್ನಲು ಹೋದರೆ ಬೇಕು. ಫೋನಿನಲ್ಲಿ ಡಾಕ್ಟರನ್ನು ಕೇಳಿದೆ. ಹಾಗೂ ಆಗುತ್ತದಂತೆ, ಮೆಲ್ಲಗೆ ಸರಿಹೋದರೂ ಹೋಗಬಹುದಂತೆ.

ಹಾಲಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ಈಗ ಇವರು ಏನೇ ಅಂದರೂ ಊದಿ ಊದಿ ಕೇಳುತ್ತೇನೆ.

ಫೆಬ್ರವರಿ 22, ಸಂಜೆ

ಆಯಿತು! ಮಾಡಿಬಿಟ್ಟೆ!

ಕೈ ಸುಟ್ಟ ದಿನದಿಂದ ಕಾರನ್ನು ಮುಟ್ಟಿರಲಿಲ್ಲ. ಆದರೂ ಮುಚ್ಚಳಕ್ಕೆ ಕೈ ಹಾಕುವ ಮೊದಲು ಮುಖ ಪಕ್ಕಕ್ಕೆ ತಿರುಗಿಸಿಕೊಂಡೆ. "ಹೇಗಿದೆ ರೀ?" ಎಂದೆ. ಎಡಗೈ ಇಟ್ಟು ನೋಡಿ, "ಬಿಸಿ" ಎಂದರು. ತೆಗೆದೆ. ತಣ್ಣಗಿತ್ತು.

ಅಂಗಿಯನ್ನು ಒಳಮಗ್ಗುಲು ತಿರುಗಿಸಿದ ಹಾಗೆ ಇವರ ಮಾತನ್ನು ತಿರುಗಿಸಿಕೊಳ್ಳಬೇಕು, ಅಷ್ಟೇ. "ಮುಚ್ಚು" ಎಂದರು, ಕೆಳಗಿನ ತಿರುಪು ಬಿಚ್ಚಿದೆ. ಹಸಿರು ನೀರು ಬಕೆಟ್ಟಿಗೆ ಇಳಿಯಿತು. ಕ್ಲಿಪ್ ಸಡಿಲಿಸಿ ಹೋಸ್ ಎಳೆದೆ. ಬರಲಿಲ್ಲ. ಹಿಂದೆ ಮುಂದೆ ತಿರುಚಿದ ಮೇಲೆ ಬಂತು. ಬಿರುಕಿನಾಚೆಗೆ ಒಂದು ಬೆರಳಗಲ ಬಿಟ್ಟು ಕತ್ತರಿಸಿದೆ. ಎಳೆದು ಸಿಕ್ಕಿಸಲು ನೋಡಿದರೆ ರಬ್ಬರು ಜಾರದು. ಇವರು ಸೋಪು ತೋರಿಸಿದರು. ಸವರಿದೆ, ಜಾರಿ ಕೂತಿತು. "ಸಡಿಲ... ಇನ್ನೂ ಸಡಿಲ" ಎಂದರು. ಸ್ಕ್ರೂಡ್ರೈವರ್ ಹಿಡಿದು ಹಲ್ಲು ಕಚ್ಚಿ ಬಿಗಿ ಮಾಡಿದೆ. ಸುಟ್ಟ ಚರ್ಮ ಚುರುಗುಟ್ಟಿತು.

ನೀರು ತುಂಬಿ ಇಂಜಿನ್ ಹಾಕಿದೆವು. ಇಂಜಿನ್ನಿನ ಬಿಸಿ ತೋರಿಸುವ ಸೂಜಿ ನಡುಮಧ್ಯಕ್ಕೆ ಬಂದು ನಿಂತಿತು. ಒಂದು ಹನಿಯೂ ಇಲ್ಲ.

ಇವರು ನನ್ನ ಮುಖ ನೋಡಿ, "ದಡ್ಡಿ" ಎಂದರು.

ಮದುವೆಯಾದ ಮೇಲೆ ಹೊಗಳಿದ್ದು ಇದೇ ಮೊದಲು.

ಫೆಬ್ರವರಿ 27

ಇವರು "ಕಿಟಕಿ ಹಾಕು" ಎಂದರು. ತೆರೆದೆ. ಸಿಡುಕಿದರು. ಚಳಿಯಾಗುತ್ತಿತ್ತಂತೆ — ನಿಜವಾಗಿ ಹಾಕು ಎಂದೇ ಹೇಳಿದ್ದು! ಮಾತು ಸರಿಹೋಗುತ್ತಿದೆ. ಮಗಳಿಗೆ ಹೇಳಿದರೆ ಫೋನಿನಲ್ಲೇ ಕುಣಿದಾಡಿದಳು.

ನನಗೆ ಮಾತ್ರ ಭಯ ಹೆಚ್ಚಾಗಿದೆ. ಉಲ್ಟಾ ಇದ್ದಾಗ ಎಲ್ಲವೂ ಉಲ್ಟಾ. ಈಗ ಯಾವುದು ನೆಟ್ಟಗೆ, ಯಾವುದು ಉಲ್ಟಾ? ಮಧ್ಯಾಹ್ನ "ಹಸಿವಿಲ್ಲ" ಎಂದರು. ಬಡಿಸಿದೆ, ತಟ್ಟೆ ಖಾಲಿ ಮಾಡಿದರು. ಏನಂತ ತಿಳಿಯಲಿ?

ಮುದುಕಿಯ ಕೆಳಗೆ ನೆಲ ಒಣಗಿದೆ. ಆದರೂ ದಿನಾ ಬಗ್ಗಿ ನೋಡುತ್ತೇನೆ.

ಮಾರ್ಚ್ 4, ಮಧ್ಯಾಹ್ನ

ಕೈಗೆ ಹೊಸ ಚರ್ಮ ಬಂದಿದೆ. ಗುಂಡಿ ಹಾಕುವ ಕೆಲಸ ಮುಗಿಸಿ ಬರೆಯಲು ಕೂತೆ. ಇವರು ಒಳಗೆ ಮಲಗಿದ್ದಾರೆ. ಬೆಳಿಗ್ಗೆ ಮುದುಕಿಯನ್ನು ಹಾಲಿನ ಅಂಗಡಿವರೆಗೆ ಓಡಿಸಿದೆ. ಸೂಜಿ ಅಲ್ಲಾಡಲಿಲ್ಲ.

ಒಳಗಿಂದ ಕರೆದರು. "ಇವಳೇ... ಆರಾಮಾಗಿದೀನಿ."

ನಿದ್ದೆ ಮುಗಿದಿರಬೇಕು. ಮಾತು ಎಷ್ಟು ಸ್ಪಷ್ಟ. ನೆಟ್ಟಗಿನ ಮಾತೇ ಇರಬೇಕು. ಹಾಗೇ ಇರಲಿ ದೇವರೇ.

ಮತ್ತೆ. ಈ ಸಲ ನಾಲಿಗೆ ತೊದಲಿತು. "ಆರಾಮ್... ಆರಾಮಾಗಿದೀನಿ. ಬರಬೇಡ! ಬರಬೇಡ!"

ಕಾರಿನ ಕೀ