ಚೀನಾದ ಚಕ್ರವರ್ತಿಗೆ ಕಾರ್ಕಿನಲ್ಲಿ ಪ್ರವೇಶವಿಲ್ಲವೇ?

ಸರ್ವಸಂಸ್ಕೃತಿ ದಿನದ ವೇದಿಕೆಯನ್ನು ಆಳುತ್ತಿರುವ ಮಾನ್ಯರೇ,

ನಮ್ಮ ಭಾನುವಾರದ ಕನ್ನಡ ತರಗತಿಯ ಮಕ್ಕಳ ನಾಟಕವನ್ನು ನೀವು ಪಟ್ಟಿಯಿಂದ ಹೊಡೆದುಹಾಕಿದ್ದೀರಿ. ಕಾರಣ, ಅದು ಚೀನಾದ ಮೊದಲ ಚಕ್ರವರ್ತಿ ಚಿನ್ ಷಿ ಹುವಾಂಗನ ಆಳ್ವಿಕೆಯ ಕಥೆ, ‘ನಿಮ್ಮ ಸಂಸ್ಕೃತಿ’ಯಲ್ಲ. ಫೋನಿನಲ್ಲಿ ಬಹಳ ಮಧುರವಾಗಿಯೇ ಹೇಳಿದಿರಿ, ಇಂಡಿಯಾದವರು ಒಂದು ಬಾಲಿವುಡ್ ಡಾನ್ಸ್ ಮಾಡಿದರೆ ಜನಕ್ಕೆ ಇಷ್ಟವಾಗುತ್ತದೆ ಎಂದು. ಬಾಲಿವುಡ್ ಮುಂಬೈಯದು ಮಾನ್ಯರೇ, ನಾನು ಮೈಸೂರಿನವನು. ಲಂಡನ್ ಅರಮನೆಯ ಕಾವಲುಗಾರರ ಕವಾಯತೇ ನಿಮ್ಮ ಸಂಸ್ಕೃತಿ ಎಂದು ನಾನು ಐರಿಷರ ಈ ಕಾರ್ಕಿನ ಯಾವುದಾದರೂ ಪಬ್ಬಿನಲ್ಲಿ ಘೋಷಿಸಿದರೆ ನನ್ನ ಗತಿ ಏನಾದೀತು? (ಈ ಪತ್ರ ಕನ್ನಡದಲ್ಲಿದೆ. ಅನುವಾದಕರನ್ನು ಹುಡುಕುವುದು ಸರ್ವಸಂಸ್ಕೃತಿಯವರ ಹೊಣೆ.)

ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಆ ಮಹಾರಾಯ ಆರು ರಾಜ್ಯಗಳನ್ನು ನುಂಗಿ, ದೇಶಕ್ಕೆಲ್ಲ ಒಂದೇ ಲಿಪಿ, ಒಂದೇ ತೂಕ, ಗಾಡಿಯ ಎರಡು ಚಕ್ರಗಳ ನಡುವೆ ಒಂದೇ ಅಂತರ ಎಂದು ಕಟ್ಟಪ್ಪಣೆ ಮಾಡಿದ. ಒಗ್ಗದ ಪಂಡಿತರನ್ನು ಜೀವಂತ ಹೂಳಿಸಿದ, ಪುಸ್ತಕಗಳನ್ನು ಸುಡಿಸಿದ. ನೀವು ಸುಡುವುದಿಲ್ಲ, ಅಷ್ಟು ಶ್ರಮವೇಕೆ? ದೇಶಕ್ಕೊಂದು ಕುಣಿತ ಎಂದು ಅಳತೆ ಹಿಡಿದು, ಉಳಿದದ್ದರ ಮೇಲೆ ಗೀಟು ಹಾಕುತ್ತೀರಿ. ಒಂದು ವಿಷಯದಲ್ಲಿ ಮಾತ್ರ ಅವನು ನಿಮಗಿಂತ ಮೇಲು. ದಿನಕ್ಕಿಷ್ಟು ತೂಕದ ಕಡತ ಎಂದು ತೂಗಿಸಿಕೊಂಡು, ಅಷ್ಟನ್ನೂ ಓದಿ ಮುಗಿಸದೆ ವಿಶ್ರಮಿಸುತ್ತಿರಲಿಲ್ಲವಂತೆ. ನಮ್ಮ ಅರ್ಜಿ ಎರಡೇ ಹಾಳೆ. ತೂಕ ಸಾಲದೆಯೋ ಏನೋ, ‘ಭಾಷೆ: ಕನ್ನಡ’ ಎಂಬ ಸಾಲು ನಿಮ್ಮ ಕಣ್ಣಿಗೆ ಬೀಳಲಿಲ್ಲ.

ನನಗೇಕೆ ಈ ಹಟ? ನನ್ನ ಮಗಳು ಐಶುವಿಗೆ ಹನ್ನೊಂದು ವರ್ಷ, ಹುಟ್ಟಿದ್ದು ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅಪ್ಪಟ ಕಾರ್ಕ್ ಇಂಗ್ಲಿಷಿನಲ್ಲಿ. ಶಾಲೆಯಲ್ಲಿ ಈ ದೊರೆಯ ಗೋರಿಯ ಕಾವಲಿಗೆ ಹೂತಿಟ್ಟ ಮಣ್ಣಿನ ಸೈನ್ಯದ ಚಿತ್ರ ನೋಡಿ ಬಂದವಳು ಅವನ ಪಾತ್ರವೇ ಬೇಕೆಂದಳು. ಮಾತು ನಾನು ಬರೆದುಕೊಟ್ಟೆ. ನಮ್ಮ ಕಡೆ ನಾಟಕದ ರಾಜ ಯಾವ ದೇಶದವನೇ ಆಗಲಿ, ಬಂದೊಡನೆ ಚಪ್ಪಾಳೆ ತಟ್ಟಿ “ಯಾರಲ್ಲಿ!” ಎನ್ನಲೇಬೇಕು. ಅಂದಿನಿಂದ ಮನೆಯೇ ದರ್ಬಾರು.

“ಯಾರಲ್ಲಿ! ನನ್ನ ಸಾಕ್ಸ್ ಹಾಜರುಪಡಿಸಿ!”

“ಪ್ರಭುಗಳು ಮೊದ್ಲು ತಿಂದ ತಟ್ಟೆ ತೊಳೀಬೇಕು,” ಎಂದಳು ನನ್ನ ಹೆಂಡತಿ ವಸುಂಧರಾ.

“ಈ ಮಂತ್ರಿಯನ್ನು ಗಡೀಪಾರು ಮಾಡಿ!”

“ಮಾಡು ತಾಯಿ, ಪುಣ್ಯ ಬರತ್ತೆ. ಮೈಸೂರಿಗೇ ಮಾಡು. ನಿಮ್ಮಪ್ಪ ಇಲ್ಲೇ ಇರ್ಲಿ.”

ಹನ್ನೊಂದು ವರ್ಷ ನಾವು ಕಾದಿದ್ದ ಕನ್ನಡವಿದು. ದೇವರ ಕಥೆಯಿಂದ ಬರಲಿಲ್ಲ, ನನ್ನ ಗದರಿಕೆಯಿಂದಂತೂ ಬರಲೇ ಇಲ್ಲ. ಗೋರಿಯಲ್ಲಿ ಮಲಗಿದ್ದ ಚೀನಾದ ದೊರೆ ಎದ್ದು ಬಂದು ಕೊಡಿಸಿದ. ಇದು ನಮ್ಮದಲ್ಲ ಎನ್ನಲು ನೀವು ಯಾರು?

ನಿಮ್ಮ ನಿರ್ಧಾರ ತಿಳಿಸಿದಾಗ ಅವಳು “ಇಟ್ಸ್ ಗ್ರ್ಯಾಂಡ್, ಡ್ಯಾಡ್” (ನಿಮ್ಮೂರ ‘ಪರವಾಗಿಲ್ಲ ಬಿಡು’) ಎಂದು ಕಿರೀಟ ತೆಗೆದಿಟ್ಟಳು. ಎರಡು ದಿನ ಮನೆಯಲ್ಲಿ ಬರೀ ಇಂಗ್ಲಿಷ್. ಮೂರನೆಯ ದಿನ ಊಟದ ನಡುವೆ ತಟ್ಟನೆ, ನಾನು ಬರೆದುಕೊಡದ ಮಾತೊಂದನ್ನು ಆಡಿದಳು. “ಅಪ್ಪಾ, ಹೊರಗಡೆ ಮಾಡೋಣ. ಗೇಟ್ ಹತ್ರ. ಅಲ್ಲಿ ಅವ್ರನ್ನ ಕೇಳೋದೇ ಬೇಡ.”

ಆದ್ದರಿಂದ ನಮ್ಮ ಇಪ್ಪತ್ತು ನಿಮಿಷವನ್ನು ಶುಕ್ರವಾರದೊಳಗೆ ಪಟ್ಟಿಗೆ ಮರಳಿಸಿ, ಲಿಖಿತವಾಗಿ ತಿಳಿಸಿ. ಇಲ್ಲವಾದರೆ ಶನಿವಾರ ಮಧ್ಯಾಹ್ನ ಎರಡಕ್ಕೆ, ನಿಮ್ಮ ಸಭಾಂಗಣದ ಹೊರಗೆ, ಮಳೆಯಿದ್ದರೆ ಕೊಡೆಯಡಿ, ನನ್ನ ಮಗಳು ಕನ್ನಡದಲ್ಲಿ ಚೀನಾ ಆಳುತ್ತಾಳೆ. ಸದ್ದು ಒಳಗೆ ಕೇಳಿಸಿದರೆ ಕಿಟಕಿ ಮುಚ್ಚಿಕೊಳ್ಳುವುದು ನಿಮಗೆ ಬಿಟ್ಟದ್ದು.

ಇಂತಿ,
ತಮ್ಮ ಅವಿಧೇಯ,
ಆದರ್ಶ
(ಮೂರನೆಯ ದೃಶ್ಯದಲ್ಲಿ ಮಗಳ ಅಪ್ಪಣೆಯಂತೆ ಜೀವಂತ ಹೂತುಹೋಗುವ ಪಂಡಿತ)