ಮರಿಗಳು ಇಳಿದ ಕುಂಡ

ಮಾರ್ಚ್ 3, ಸೋಮವಾರ. ಬೆಳಗ್ಗೆ 7

ಮರಿಗಳಿಗೆ ಊಟ ಆಯಿತು. ನಲವತ್ತೊಂದು ಕ್ಲೌನ್ ಮೀನು. ಇನ್ನೂ ಮೇಲ್ಮೇಲೆ ಅಲೆಯುತ್ತಿವೆ. ಈ ವಾರ ತಳಕ್ಕಿಳಿದು ಒಂದು ಜಾಗ ಹಿಡಿಯಬೇಕು. ಹಿಡಿಯದ ಮರಿ ಉಳಿಯುವುದಿಲ್ಲ — ಹಿಂದಿನ ಎರಡು ಬ್ಯಾಚು ಹಾಗೇ ಹೋದವು. ಭಾನುವಾರದೊಳಗೆ ಇಳಿಯದಿದ್ದರೆ ಸಾರಕ್ಕಿಯ ಈ ಮೀನುಮರಿ ಸಾಕುವ ಶೆಡ್ಡಿಗೆ ಬೀಗ. ಓನರ್ ದೇವರಾಜ್ ಸರ್ ಖಡಾಖಂಡಿತ ಹೇಳಿದ್ದಾರೆ. ಸಮುದ್ರದಲ್ಲಿ ಹಿಡಿದದ್ದನ್ನೇ ತರಿಸಿ ಮಾರುತ್ತಾರಂತೆ.

ಇಳಿಯುತ್ತವೆ. ನಾನಿದ್ದೇನೆ. ಕಡಲಲ್ಲಿ ಮರಿಗಳು ಹವಳದ ದಿಬ್ಬದ ಚಟಪಟ ಸದ್ದು ಕೇಳಿ ಮನೆ ಹುಡುಕುತ್ತವೆ. ಆ ರೆಕಾರ್ಡಿಂಗ್ ಸಿಕ್ಕಿದೆ.

ಮಾರ್ಚ್ 4

ಟ್ಯಾಂಕಿನಲ್ಲಿ ಎರಡು ಹೊಸ ಮಣ್ಣಿನ ಕುಂಡ. ಎಡಗಡೆಯದರ ಪಕ್ಕ ಸ್ಪೀಕರ್. ಸಾಸಿವೆ ಸಿಡಿದಂತೆ ಸದ್ದು.

"ಇವಕ್ಕೆ ಕಿವಿ ಬೇರೆ ಐತಾ?" ಶೆಡ್ ತೊಳೆಯುವ ಗೋವಿಂದಮ್ಮ ನಕ್ಕರು.

"ನೋಡ್ತಿರ್ರಿ" ಎಂದೆ.

ಮಾರ್ಚ್ 7, ಶುಕ್ರವಾರ

ಎರಡು ದಿನ ಬರೆಯಲು ಮುಖವಿರಲಿಲ್ಲ. ಒಂಬತ್ತು ಇಳಿದಿವೆ. ಒಂಬತ್ತೂ ಬಲಗಡೆ — ಸ್ಪೀಕರ್ ಇಲ್ಲದ ಕಡೆ.

ಕುಂಡ ಹೇಗೆ ತೊಳೆದಿರಿ ಎಂದು ಗೋವಿಂದಮ್ಮನನ್ನು ಕೇಳಿದೆ.

"ಬೈಯಲ್ಲ ಅಂದ್ರೆ ಹೇಳ್ತೀನಿ. ಒಂದ್ನ ಫಿಲ್ಟರ್ ನೀರಲ್ಲಿ ತೊಳ್ದೆ. ಅಷ್ಟರಲ್ಲಿ ನೀರು ನಿಂತೋಯ್ತು, ಟ್ಯಾಂಕರ್ ಬಂದಿರ್ಲಿಲ್ಲ. ಇನ್ನೊಂದ್ನ, ಆ ಬಲಗಡೆದ್ನ, ದೊಡ್ಡ ಮೀನಿನ ತೊಟ್ಟಿಯಿಂದ ತೆಗ್ದ ನೀರಲ್ಲೇ ನೆನೆಹಾಕ್ದೆ. ಚೆಲ್ಲೋ ನೀರು ತಾನೆ. ಸಾರ್‌ಗೆ ಹೇಳ್ಬೇಡ ಕಣವ್ವ."

ಹಳೇ ನೀರು ಮರಿಗಳ ಹತ್ತಿರ ಸುಳಿಯಬಾರದು, ರೋಗ ಬರುತ್ತದೆ ಎಂಬುದು ಸರ್ ಕಟ್ಟಪ್ಪಣೆ. ಆದರೆ ಆ ತೊಟ್ಟಿಯಲ್ಲೇ ಇವುಗಳ ಅಪ್ಪ ಅಮ್ಮ ಇರುವುದು, ಹೂವಿನಂತೆ ಅರಳಿದ ಅನಿಮೋನ್ ಎಂಬ ಕಡಲಜೀವಿಯ ಮಡಿಲಲ್ಲಿ. ಮರಿಗಳು ತವರಿನ ವಾಸನೆ ಹಿಡಿದಿವೆ!

ನಾಚಿಕೆಯಾಯಿತು. ಖುಷಿ ಅದಕ್ಕಿಂತ ಹೆಚ್ಚು. ಸ್ಪೀಕರ್ ಆಫ್. ಎಡಗಡೆಯ ಕುಂಡವನ್ನೂ ಅದೇ ನೀರಿನಲ್ಲಿ ನೆನೆಹಾಕಿದೆ.

ಮಾರ್ಚ್ 8, ಸಂಜೆ 6

ಬೆಳಗ್ಗೆ ಕುಂಡ ಇಟ್ಟೆ. ಈಗ ಎರಡೂ ಕಡೆ ಸೇರಿ ಇಪ್ಪತ್ತಾರು. ರೋಗದ ಲಕ್ಷಣ ಯಾವುದೂ ಇಲ್ಲ. ಗದಗಿಗೆ ಫೋನ್ ಮಾಡಿ ಅವ್ವನಿಗೆ ಹೇಳಿದೆ.

ಮಾರ್ಚ್ 9, ಭಾನುವಾರ. ಬೆಳಗ್ಗೆ 8:30

ಮೂವತ್ತೇಳು. ಸರ್ ಬಗ್ಗಿ ನೋಡಿದರು.

"ಸ್ಪೀಕರ್ ಕೆಲಸ ಮಾಡ್ತು ಅನ್ನಿ ಅನ್ನಪೂರ್ಣ."

ಅವರ ಬೆನ್ನ ಹಿಂದೆ ಗೋವಿಂದಮ್ಮ 'ಹೂಂ ಅನ್ನು' ಎಂದು ಸನ್ನೆ ಮಾಡಿದರು. ಹೂಂ ಅನ್ನುವುದು ಸುಲಭವಿತ್ತು.

"ಇಲ್ರಿ ಸರ್" ಎಂದೆ. ನಡೆದದ್ದೆಲ್ಲ ಹೇಳಿದೆ, ಯಾರ ಕೆಲಸ ಎಂಬುದನ್ನೂ.

ಸರ್ ಮತ್ತೊಮ್ಮೆ ಬಗ್ಗಿ ಬಲಗಡೆಯ ಕುಂಡ ನೋಡಿದರು. ಆಮೇಲೆ ಗೋವಿಂದಮ್ಮನ ಕಡೆ ತಿರುಗಿ, "ಮುಂದಿನ ಬ್ಯಾಚಿಗೆ ಎಷ್ಟು ಕುಂಡ ಬೇಕು ಹೇಳಿ" ಎಂದರು.

ಮುಂದಿನ ಬ್ಯಾಚು. ಅವರ ಬಾಯಿಂದಲೇ ಬಂತು. ಗೋವಿಂದಮ್ಮ ಟ್ಯಾಂಕಿನ ಹತ್ತಿರ ನಿಂತು ಕೂಗುತ್ತಿದ್ದಾರೆ, ಇನ್ನೊಂದು ಇಳೀತು ಅಂತ. ನೋಡಿ ಬರುತ್ತೇನೆ.